ನನ್ನ ತೋಳನನ್ನು ಬರಿಗೈ ಮಾಡಿದವರಿಗೆ

ಕಾದಂಬರಿ ಮುಗಿಯಿತು. ಏಳು ವರ್ಷಗಳಿಂದ ಸಂತೆಯಲ್ಲಿ, ಮದುವೆಮನೆಯಲ್ಲಿ, ಬಸ್ ನಿಲ್ದಾಣದಲ್ಲಿ ಸಿಕ್ಕಾಗಲೆಲ್ಲ "ನಿಮ್ಮ ತೋಳ ಎಲ್ಲಿಯವರೆಗೆ ಬಂತು?" ಎಂದು ಕೇಳುತ್ತಿದ್ದವರಿಗೆ ಈಗ ಸರಿಯಾದ ಉತ್ತರವಿದೆ: ಪಡಸಾಲೆಯವರೆಗೆ ಬಂದಿದೆ. ಮುದ್ರಣಾಲಯದಿಂದ ಬಂದ ಐದುನೂರು ಪ್ರತಿಗಳು ನಮ್ಮ ಮನೆಯಲ್ಲಿ ಶೇಂಗಾ ಚೀಲಗಳ ಪಕ್ಕಕ್ಕೆ ಕುಳಿತಿವೆ. ಕೃತಜ್ಞತೆಗೆಂದು ಬಿಟ್ಟಿದ್ದ ಪುಟ ಮಾತ್ರ ಕಾಗದದ ಲೆಕ್ಕಾಚಾರದಲ್ಲಿ ಬಿದ್ದುಹೋಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಹೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಯಾರು ಏನು ಕೊಟ್ಟರು ಎಂದು ಹೇಳುವುದು ಇಂಥ ಬರಹಗಳ ರೂಢಿ. ನನ್ನದು ತಿರುವುಮುರುವು. ನನಗೆ ನೆರವಾದವರೆಲ್ಲ ನನ್ನ ಕಥಾನಾಯಕನಿಂದ ಒಂದೊಂದನ್ನೇ ಕಿತ್ತುಕೊಂಡು ಹೋದವರು.

ಮೊದಲ ಕರಡಿನಲ್ಲಿ ಅವನು ಹೇಗಿದ್ದ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಬಾಲ್ಟಿಕ್ ಕಡಲ ತಡಿಯ ಲಿವೋನಿಯಾದ, ಎಂದರೆ ಇಂದಿನ ಲಾತ್ವಿಯಾ ಮತ್ತು ಎಸ್ಟೋನಿಯಾಗಳ ನೆಲದ, ಒಬ್ಬ ಬ್ಯಾರನ್, ಬಿರುದುಳ್ಳ ಜಮೀನುದಾರ. ಬೆಟ್ಟದ ತುದಿಯಲ್ಲಿ ಕೋಟೆ. ಹುಣ್ಣಿಮೆ ಬಂದರೆ ತೋಳನಾಗುತ್ತಾನೆ. ಸೊಂಟದಲ್ಲಿ ಬೆಳ್ಳಿ ಗುಂಡಿನ ಪಿಸ್ತೂಲು. ಯಾರೂ ಕೇಳದಿದ್ದರೂ ರಾತ್ರಿಯೆಲ್ಲ ಅಲೆದು ರಾಕ್ಷಸರನ್ನು, ಮಾಟಗಾರರನ್ನು ಹುಡುಕಿ ಕೊಲ್ಲುತ್ತಾನೆ. ಆರುನೂರು ವರ್ಷ ಬದುಕಿದ್ದರೂ ಅವನ ಮಾತುಗಳೆಲ್ಲ ಮೀಸೆ ಚಿಗುರಿದ ಹುಡುಗನವು. ಅವನ ದೀರ್ಘಾಯುಷ್ಯಕ್ಕೆ ಮಾತ್ರ ನನ್ನ ಬಳಿ ತಕ್ಕ ನೆಪವೊಂದಿತ್ತು. ದೌಗಾವಾ ನದಿಯ ಮೇಲುಹರಿವಿನಲ್ಲಿರುವ ಪೋಲೋಟ್ಸ್ಕ್ ಪಟ್ಟಣದಲ್ಲಿ 1044ರಲ್ಲಿ ಪಟ್ಟಕ್ಕೆ ಬಂದು 1101ರಲ್ಲಿ ತೀರಿಕೊಂಡ ವ್ಸೆಸ್ಲಾವ್ ಎಂಬ ದೊರೆ, ಹಗಲು ಪ್ರಜೆಗಳಿಗೆ ನ್ಯಾಯ ಹೇಳಿ ರಾತ್ರಿ ತೋಳನಾಗಿ ಓಡುತ್ತಿದ್ದ, ಕೋಳಿ ಕೂಗುವುದರೊಳಗೆ ಕೀವ್‌ನಿಂದ ದೂರದ ಕಪ್ಪು ಸಮುದ್ರದ ದಡದ ತ್ಮುತೊರೊಕಾನ್ ಪಟ್ಟಣ ಮುಟ್ಟುತ್ತಿದ್ದ ಎಂದು ಹಳೆಯ ರಷ್ಯನ್ ಕಾವ್ಯವೊಂದು ಹಾಡುತ್ತದೆ. ಅವನ ಕುಲದವನೊಬ್ಬ ಸಾಯದೆ ಉಳಿದು, ನದಿಗುಂಟ ಇಳಿದು ಬಂದು, 1201ರಲ್ಲಿ ರೀಗಾ ಕಟ್ಟಿದ ಜರ್ಮನ್ನರ ನಡುವೆ ಜಮೀನು ಗಳಿಸಿ ಬ್ಯಾರನ್ ಆದ ಎಂಬುದು ನನ್ನ ಕಲ್ಪನೆ. ಏಳು ವರ್ಷದ ಉರುಳಾಟದಲ್ಲಿ ಉಳಿದುಕೊಂಡದ್ದು ಇದೊಂದೇ.

ಹುಣ್ಣಿಮೆಯನ್ನೂ ಬೆಳ್ಳಿಯನ್ನೂ ಕಸಿದುಕೊಂಡವರು ನಮ್ಮ ಊರಿನ ನಿವೃತ್ತ ಇತಿಹಾಸ ಮಾಸ್ತರರು. ಕರಡು ಓದಿ ಏನನ್ನೂ ಹೇಳದೆ, ಒಂದು ವಾರ ಬಿಟ್ಟು, ಇಪ್ಪತ್ತು ಹಾಳೆಯ ಜೆರಾಕ್ಸ್ ಪ್ರತಿಯನ್ನು ಹುರಿಯಿಂದ ಕಟ್ಟಿ ಕಳಿಸಿದರು. ಲಿವೋನಿಯಾದ ಯುರ್ಗೆನ್ಸ್‌ಬುರ್ಗ್‌ನಲ್ಲಿ 1692ರಲ್ಲಿ ನಡೆದ ವಿಚಾರಣೆಯ ದಾಖಲೆ ಅದು. 1924ರಲ್ಲಿ ಮೊದಲ ಸಲ ಅಚ್ಚಾಗಿ, ಆಮೇಲೆ ಕಾರ್ಲೊ ಗಿನ್ಜ್‌ಬುರ್ಗ್ ಎಂಬ ಇಟಲಿಯ ಇತಿಹಾಸಕಾರರಿಂದ ಲೋಕಕ್ಕೆಲ್ಲ ಗೊತ್ತಾದದ್ದು. ಕಟಕಟೆಯಲ್ಲಿದ್ದವನು ಥೀಸ್ ಎಂಬ ರೈತ, ಎಂಬತ್ತು ದಾಟಿದ ಮುದುಕ. ಬಂದದ್ದು ಚರ್ಚಿನ ಕಳವಿನ ಮೊಕದ್ದಮೆಗೆ ಸಾಕ್ಷಿ ಹೇಳಲು. ಇವನು ತೋಳನಾಗುವವನು ಎಂದು ಊರೆಲ್ಲ ಹೇಳುತ್ತದಲ್ಲ ಎಂದು ನ್ಯಾಯಾಧೀಶರು ಕೇಳಿದರೆ, ಹೌದು, ಆಗುತ್ತಿದ್ದೆ, ಈಗ ಬಿಟ್ಟಿದ್ದೇನೆ ಎಂದುಬಿಟ್ಟ. ಅಲ್ಲಿಗೆ ನಿಲ್ಲಿಸಿದ್ದರೆ ಪಾರಾಗುತ್ತಿದ್ದನೇನೋ. ನಾವು ಸೈತಾನನ ಆಳುಗಳಲ್ಲ, ದೇವರ ನಾಯಿಗಳು ಎಂದೂ ಹೇಳಿದ. ವರ್ಷಕ್ಕೆ ಮೂರು ರಾತ್ರಿ, ಕ್ರಿಸ್‌ಮಸ್‌ಗೆ ಮುಂಚಿನ ಸಂತ ಲೂಸಿಯಾಳ ದಿನ, ಪೆಂಟಕೋಸ್ಟ್ ಮತ್ತು ಸಂತ ಯೋಹಾನನ ಹಬ್ಬದಂದು, ತೋಳಗಳು ನರಕಕ್ಕೆ ಇಳಿಯುತ್ತವೆ. ಮಾಟಗಾರರು ಕದ್ದು ಒಯ್ದ ಬೆಳೆಯ ಸಿರಿಯನ್ನು ಅಲ್ಲಿಂದ ಹೊತ್ತು ತರುತ್ತವೆ. ತೋಳಗಳ ಕೈಯಲ್ಲಿ ಕಬ್ಬಿಣದ ಚಾಟಿ, ಮಾಟಗಾರರ ಕೈಯಲ್ಲಿ ಕುದುರೆಬಾಲ ಸುತ್ತಿದ ಪೊರಕೆಯ ಹಿಡಿ. ಆ ಜಗಳದಲ್ಲಿ ಲೆಂಬುರ್ಗ್‌ನ ಸ್ಕೈಸ್ತಾನ್ ಎಂಬವನು ಪೊರಕೆಯಿಂದ ಹೊಡೆದು ಥೀಸನ ಮೂಗು ಮುರಿದಿದ್ದ. ಹಿಂದೊಮ್ಮೆ ಇದನ್ನೇ ಹೇಳಿದಾಗ ನ್ಯಾಯಾಲಯ ನಕ್ಕು ಕಳಿಸಿತ್ತು. ಈ ಸಲ ನಗಲಿಲ್ಲ. ಪಾದ್ರಿಯನ್ನು ಕರೆಸಿ ತಪ್ಪೊಪ್ಪಿಕೋ ಎಂದರು. ನನಗೆ ಇದು ನಿಮಗಿಂತ ಚೆನ್ನಾಗಿ ಗೊತ್ತು ಎಂಬ ಧಾಟಿಯಲ್ಲಿ ಮುದುಕ ಕೂತುಬಿಟ್ಟ. ಕೊನೆಗೆ ಚಾಟಿ ಏಟು, ಆಮೇಲೆ ಗಡೀಪಾರು.

ಅವನ ಇಡೀ ಹೇಳಿಕೆಯಲ್ಲಿ ಹುಣ್ಣಿಮೆಗೆ ಮೈ ಬದಲಾಗುವ ಮಾತಿಲ್ಲ, ಬೆಳ್ಳಿಯ ಸುದ್ದಿಯಿಲ್ಲ. ಫ್ರಾನ್ಸಿನ ಗೆವೊದಾನ್ ಸೀಮೆಯಲ್ಲಿ 1764ರಿಂದ 1767ರವರೆಗೆ ನೂರರಷ್ಟು ಜನರನ್ನು ಕೊಂದ ಮೃಗವನ್ನು ಬೆಳ್ಳಿ ಗುಂಡಿನಿಂದ ಹೊಡೆದರು ಎಂಬುದೂ ಆಮೇಲಿನವರು ಹೆಣೆದದ್ದು ಎಂದು ಮಾಸ್ತರರು ಹಾಳೆಯಂಚಿನಲ್ಲಿ ಕೆಂಪು ಪೆನ್ಸಿಲಿನಿಂದ ಬರೆದಿದ್ದರು. ಪಿಸ್ತೂಲು ಹೋಯಿತು. ಚಾಟಿ ಬಂತು.

ಕೆಂಪು ಪೆನ್ಸಿಲು ಅಲ್ಲಿಗೂ ಬಿಡಲಿಲ್ಲ. ಕೊನೆಯ ಹಾಳೆಯ ಹಿಂದೆ ಒಂದು ಪ್ರಶ್ನೆ: "ಕಾಳು ಕದ್ದವರು ಯಾರು? ನಿಮ್ಮ ಬ್ಯಾರನ್‌ನ ಕಣಜದಲ್ಲಿ ಏನಿದೆ?" ಲಿವೋನಿಯಾದ ರೈತರು ಜರ್ಮನ್ ಜಮೀನುದಾರರ ಕೈಕೆಳಗೆ ಬಿಟ್ಟಿ ದುಡಿಯುತ್ತಿದ್ದ ಜೀತದವರು. ಜರ್ಮನ್ನರು ನಮ್ಮ ಜೊತೆ ಬರುವುದಿಲ್ಲ, ಅವರ ನರಕವೇ ಬೇರೆ ಎಂದು ಥೀಸ್ ಹೇಳಿದ್ದಾನೆ. ಅದನ್ನು ಓದಿ ನಾನು ಮೂರು ತಿಂಗಳು ಪೆನ್ನು ಮುಟ್ಟಲಿಲ್ಲ. ರಾಕ್ಷಸರನ್ನು ಬೇಟೆಯಾಡುವ ದೊಡ್ಡ ಮನುಷ್ಯನ ಕಥೆ ಬರೆಯುವವನು, ಆ ದೊಡ್ಡ ಮನುಷ್ಯನ ಮನೆಯ ಉಗ್ರಾಣದ ಬೀಗ ತೆಗೆದು ನೋಡಿರಲೇ ಇಲ್ಲ. ದಾರಿ ತೋರಿಸಿದವರೂ ಮಾಸ್ತರರೇ. ಲಿವೋನಿಯಾ ಆಗ ಸ್ವೀಡನ್ನಿನ ಆಳ್ವಿಕೆಯಲ್ಲಿತ್ತು; ಅಲ್ಲಿಯ ಹನ್ನೊಂದನೆಯ ಕಾರ್ಲ್ ದೊರೆ 1680ರ ದಶಕದಲ್ಲಿ ಲಿವೋನಿಯಾದ ಜಮೀನುದಾರರ ಆಸ್ತಿಯಲ್ಲಿ ಆರರಲ್ಲಿ ಐದು ಪಾಲಿನಷ್ಟನ್ನು ಸಿಂಹಾಸನಕ್ಕೆ ಹಿಂದಕ್ಕೆ ಪಡೆದ. ನನ್ನ ಬ್ಯಾರನ್ ಜಮೀನು ಕಳೆದುಕೊಂಡದ್ದು ಆಗ. ಕತ್ತಲಲ್ಲಿ ಬೇಟೆಗೆ ಹೊರಟದ್ದೂ ಆಮೇಲೆಯೇ. ಅವನು ಪರೋಪಕಾರಕ್ಕೆ ಹೊರಟನೋ, ಹಳೆಯ ಸಾಲ ತೀರಿಸಲು ಹೊರಟನೋ ಎಂಬುದೇ ಈಗ ಕಾದಂಬರಿ. ಮಾಸ್ತರರೇ, ಆ ಮೂರು ತಿಂಗಳಿಗೆ ನಿಮಗೆ ಶರಣು.

ಮೂಗಿನ ಮಾತು ಬಂತಲ್ಲ, ಒಂದನ್ನು ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಅಕ್ಕಮಹಾದೇವಿಯ ಶತಮಾನದಲ್ಲೇ ಬದುಕಿದ್ದ ಮರಿ ದ ಫ್ರಾನ್ಸ್ ಎಂಬ ಕವಯಿತ್ರಿ ಫ್ರಾನ್ಸಿನ ಬ್ರಿಟನಿ ಸೀಮೆಯ ಒಬ್ಬ ಬ್ಯಾರನ್‌ನ ಕಥೆ ಹೇಳುತ್ತಾಳೆ. ವಾರಕ್ಕೆ ಮೂರು ದಿನ ಅವನು ತೋಳ. ಹೆಂಡತಿ ಅವನ ಬಟ್ಟೆ ಕದಿಯಿಸುತ್ತಾಳೆ, ಅವನು ಮನುಷ್ಯನಾಗಲಾರದೆ ಕಾಡಿನಲ್ಲೇ ಉಳಿಯುತ್ತಾನೆ, ಮುಂದೊಂದು ದಿನ ರಾಜನ ಎದುರಿನಲ್ಲೇ ಅವಳ ಮೂಗು ಕಚ್ಚಿ ಕೀಳುತ್ತಾನೆ. ಅಲ್ಲಿ ಬ್ಯಾರನ್ ಮೂಗು ಕೀಳುವವನು, ಇಲ್ಲಿ ರೈತ ಮೂಗು ಮುರಿಸಿಕೊಂಡವನು. ಐದು ಶತಮಾನ ದೂರದ ಈ ಎರಡು ಮೂಗುಗಳನ್ನು ಒಂದು ಅಧ್ಯಾಯದಲ್ಲಿ ಎದುರುಬದುರು ಕೂರಿಸಿದ್ದೇನೆ. ಅದು ಯಾರೂ ಹೇಳಿಕೊಡದೆ ನಾನೇ ಕಂಡುಕೊಂಡದ್ದು ಎಂಬ ಸಣ್ಣ ಜಂಬ ನನಗಿದೆ.

ಬೆಟ್ಟವನ್ನು ಕಿತ್ತುಕೊಂಡವಳು ರೀಗಾದಲ್ಲಿ ವೈದ್ಯಕೀಯ ಓದುತ್ತಿರುವ ನಮ್ಮ ಗಂಗಾವತಿ ಕಡೆಯ ಹುಡುಗಿ. "ಕಾಕಾ, ಇಲ್ಲಿ ಬೆಟ್ಟವೇ ಇಲ್ಲ" ಎಂದು ಸಂದೇಶ ಕಳಿಸಿದಳು. ಲಾತ್ವಿಯಾದಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಗೈಜಿನ್‌ಕಾಲ್ನ್ಸ್, 312 ಮೀಟರು. ನಂದಿಬೆಟ್ಟ 1,478 ಮೀಟರು. ನನ್ನ ಬ್ಯಾರನ್ ಮೂರು ಅಧ್ಯಾಯಗಳ ಉದ್ದಕ್ಕೂ ನಿಂತು ಕಣಿವೆ ನೋಡುತ್ತಿದ್ದ ಶಿಖರ ಕರಗಿ ಚಪ್ಪಟೆಯಾಯಿತು. ಪರೀಕ್ಷೆಯ ನಡುವೆಯೂ ಒಂದು ಭಾನುವಾರ ಬಸ್ ಹತ್ತಿ ಮಾಲ್ಪಿಲ್ಸ್‌ಗೆ ಹೋಗಿದ್ದಳು. ಹಳೆಯ ಲೆಂಬುರ್ಗ್ ಎಂದರೆ ಅದೇ. ನರಕದ ಬಾಗಿಲು ಆ ಸೀಮೆಯ ಜೌಗಿನಲ್ಲಿದೆ ಎಂದು ಥೀಸ್ ಹೇಳಿದ್ದ. ಕಾಲಿಟ್ಟರೆ ಹಾಸಿಗೆಯಂತೆ ಕುಸಿಯುವ ಪಾಚಿ, ಅದರ ಮೇಲೆ ಕೆಂಪು ಹಣ್ಣು, ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಮುಳುಗುವ ಸೂರ್ಯ: ಈ ಮೂರೂ ಅವಳ ಮೊಬೈಲಿನಿಂದ ಪುಸ್ತಕಕ್ಕೆ ಬಂದವು. ತೋಳನಾಗುವವನಿಗೆ ಅಲ್ಲಿಯ ಮಾತಿನಲ್ಲಿ ವಿಲ್ಕತ್ಸಿಸ್ ಎನ್ನುತ್ತಾರೆ, ಬಿಡಿಸಿದರೆ ತೋಳಗಣ್ಣು ಎಂದಾಗುತ್ತದೆ ಎಂದು ಹೇಳಿಕೊಟ್ಟವಳೂ ಅವಳೇ.

ಆ ಪದ ಕೈಗೆ ಬಂದ ತಿಂಗಳಲ್ಲೇ ನನ್ನ ಎಡಗಣ್ಣಿನ ರೆಟಿನಾ ಕಳಚಿತು. ಶಸ್ತ್ರಚಿಕಿತ್ಸೆ ಮಾಡಿ, ಕಣ್ಣೊಳಗೆ ಅನಿಲದ ಗುಳ್ಳೆ ತುಂಬಿಸಿ, ಹತ್ತು ದಿನ ಮುಖ ಕೆಳಗೆ ಮಾಡಿಯೇ ಇರಬೇಕು ಎಂದರು. ಊಟಕ್ಕೂ ನಿದ್ದೆಗೂ ಮುಖ ನೆಲಕ್ಕೆ. ಮನುಷ್ಯ ಹತ್ತು ದಿನ ನೆಲವನ್ನೇ ನೋಡುತ್ತಿದ್ದರೆ ಮನೆಯವರನ್ನು ಕಾಲಿನಿಂದ ಗುರುತಿಸುವುದನ್ನು ಕಲಿಯುತ್ತಾನೆ. ಅವ್ವನ ಹಿಮ್ಮಡಿಯ ಬಿರುಕುಗಳನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. ಬ್ಯಾರನ್ ತೋಳನಾಗಿ ಹಳ್ಳಿ ಹೊಗುವ ಅಧ್ಯಾಯದಲ್ಲಿ ಮೊಣಕಾಲಿನ ಮೇಲಿನದೇನೂ ಕಾಣುವುದಿಲ್ಲ, ಓದಿದವರು ಗಮನಿಸಿರಬಹುದು. ನಾನು ಹೇಳುತ್ತ ಹೋದೆ, ಪಿಯುಸಿ ಓದುತ್ತಿದ್ದ ಅಕ್ಕನ ಮಗಳು ಬರೆದುಕೊಂಡಳು. ಆಮೇಲೆ ಕಣ್ಣು ಬಂದು ನೋಡಿದರೆ ನನ್ನ "ಘನಘೋರ", "ರುದ್ರಭಯಂಕರ", "ರಕ್ತಸಿಕ್ತ" ಒಂದೂ ಇರಲಿಲ್ಲ. ಕೇಳಿದೆ. "ಕೈ ನೋಯುತ್ತಿತ್ತು ಮಾಮಾ, ಬೇಡದ್ದನ್ನು ಬಿಟ್ಟೆ" ಎಂದಳು. ಬೈಯಬೇಕೆಂದು ಬಾಯಿ ತೆರೆದವನು ಪುಟ ಓದಿ ಮುಚ್ಚಿದೆ. ಮುಂದಿನ ಅಧ್ಯಾಯಗಳನ್ನು ಕಣ್ಣು ಸರಿಯಿದ್ದರೂ ಅವಳ ಕೈಯಲ್ಲೇ ಬರೆಸಿದೆ.

ಊಳಿಡುವುದನ್ನು ತೆಗೆದುಹಾಕಿದವರು ತೊಗರಿ ಕೊಯ್ದ ಹೊಲದಲ್ಲಿ ಕುರಿ ತರುಬಿದ್ದ ಒಬ್ಬ ಕಾಕಾ. ನಾನು ಲಾತ್ವಿಯಾದ ಹಿಮ ಕಂಡವನಲ್ಲ. ಆದರೆ ತೋಳ ನೋಡಲು ನಮಗೆ ಹಿಮ ಬೇಕಿಲ್ಲ. ಬಂಕಾಪುರದ ತೋಳಧಾಮ ನಮ್ಮ ಕೊಪ್ಪಳ ಜಿಲ್ಲೆಯಲ್ಲೇ ಇದೆ, ಕಲ್ಲುಗುಡ್ಡ ಮತ್ತು ಹುಲ್ಲುಗಾವಲಿನ ಬಯಲು ತೋಳಗಳು ನಮ್ಮವು. ಕಾಕಾನ ಜೊತೆ ಎರಡು ರಾತ್ರಿ ಕಂಬಳಿ ಹೊದ್ದು ಕೂತೆ. ನನ್ನ ಬ್ಯಾರನ್ ದಾಳಿಗೆ ಮುಂಚೆ ಹೇಗೆ ಊಳಿಡುತ್ತಾನೆ ಎಂದು ಓದಿ ಹೇಳಿದರೆ ಅವರು ಬೀಡಿ ಕೈಯಲ್ಲೇ ಹಿಡಿದು ನಕ್ಕರು. ಹಸಿದ ತೋಳ ಸಾರಿ ಬರುವುದಿಲ್ಲ, ಬಂದದ್ದು ಗೊತ್ತಾಗುವುದು ಬೆಳಿಗ್ಗೆ ಮರಿ ಎಣಿಸಿದಾಗ ಎಂದರು. ತೋಳ ಕಂಡರೆ ಸಿಟ್ಟು ಬರುವುದಿಲ್ಲವೇ ಎಂದು ಕೇಳಿದ್ದಕ್ಕೆ, ಬರುತ್ತದೆ, ಅದಕ್ಕೂ ಮರಿಗಳಿರುತ್ತವೆ, ಎರಡೂ ನಿಜ ಎಂದು ಬೀಡಿ ಹಚ್ಚಿದರು. ಎಪ್ಪತ್ತೆರಡು ಕಡೆ ಇದ್ದ ಊಳು ಈಗ ಒಂದೇ ಕಡೆ ಇದೆ.

ಒಬ್ಬ ಪ್ರಕಾಶಕರಿಗೂ ಧನ್ಯವಾದ ಹೇಳಬೇಕು. ಹೊರದೇಶದ ತೋಳ ಯಾರಿಗೆ ಬೇಕು, ಮಲೆನಾಡಿನ ಹುಲಿ ಮಾಡಿ ತಂದರೆ ನೋಡೋಣ ಎಂದು ಅವರು ಹಿಂದಿರುಗಿಸಿದ್ದರಿಂದ ಇನ್ನೆರಡು ವರ್ಷ ತಿದ್ದಲು ಸಿಕ್ಕಿತು. ಡಿಟಿಪಿ ಮಾಡಿದ ತಮ್ಮನಿಗೆ, ಲಾತ್ವಿಯಾದ ಹೆಸರುಗಳ ಒತ್ತಕ್ಷರಗಳನ್ನು ಹನ್ನೊಂದು ಸಲ ಸರಿಪಡಿಸಿದ್ದಕ್ಕೆ, ಒಂದು ಊಟ ಬಾಕಿಯಿದೆ.

ಅವ್ವನ ಲೆಕ್ಕವೇ ಬೇರೆ. ಅವಳಿಗೆ ಬ್ಯಾರನ್ ಎಂಬ ಮಾತು ನಾಲಿಗೆಗೆ ಹೊರಳಲಿಲ್ಲ, ಮೊದಲಿನಿಂದಲೂ ದೇಸಾಯಿ ಎಂದೇ ಕರೆದಳು. ಪ್ರತಿ ಅಧ್ಯಾಯ ಓದಿ ಹೇಳಿದಾಗಲೂ ಒಂದೇ ಪ್ರಶ್ನೆ: "ದೇಸಾಯಿ ಕಾಳು ತಂದನೋ ಇಲ್ಲವೋ?" ನೆಲದಡಿಯ ನರಕದಲ್ಲಿ ಕಾಳು ಬಚ್ಚಿಡುತ್ತಾರೆ ಎಂದಾಗ ನಾನು ವಿವರಿಸಲು ತಯಾರಾಗಿದ್ದೆ. ಅವಳು "ಹಗೇವು" ಎಂದಳು, ಮುಗಿಯಿತು. ನಮ್ಮ ಹಳೆಯ ಮನೆಯ ಮುಂದೆ ಹಗೇವು ಇತ್ತು, ಜೋಳ ತುಂಬಿ ಮೇಲೆ ಮಣ್ಣು ಮುಚ್ಚುತ್ತಿದ್ದರು. ಬಾಯಿ ತೆರೆದೊಡನೆ ಇಳಿಯುವಂತಿಲ್ಲ, ಒಳಗಿನ ಗಾಳಿ ಕೆಟ್ಟಿರುತ್ತದೆ. ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು, ಉರಿದರೆ ಆಳು ಇಳಿಯಬೇಕು, ಆರಿದರೆ ಕಾಯಬೇಕು. ಅವಸರ ಮಾಡಿ ಇಳಿದು ಮೇಲೆ ಬಾರದವರ ಕಥೆ ಅವಳಿಗೆ ಗೊತ್ತು. ಆರುನೂರು ವರ್ಷ ಬದುಕಿದವನಿಗೆ ಇಷ್ಟು ಬುದ್ಧಿ ಇರಬೇಡವೇ ಎಂದಳು.

ಕೊನೆಯ ಅಧ್ಯಾಯದಲ್ಲಿ ನಾನು ಅವನನ್ನು ಗೆಲ್ಲಿಸಿದ್ದೆ. ಚಾಟಿ ಬೀಸಿ, ಮಾಟಗಾರರನ್ನು ಅಟ್ಟಿ, ಹೊಲಗಳೆಲ್ಲ ಹಸಿರು. ಆದರೆ ಥೀಸನನ್ನು ಗಡೀಪಾರು ಮಾಡಿದ ಮೂರು ವರ್ಷಕ್ಕೆ, 1695ರಲ್ಲಿ, ಆ ಸೀಮೆಗೆ ಬಿದ್ದದ್ದು ಮಹಾಬರ. ಬೇಸಿಗೆಯಲ್ಲಿ ಬಿಡದ ಮಳೆ, ಬೇಗ ಬಿದ್ದ ಹಿಮ, ಕೊಳೆತ ಪೈರು. 1697ರ ವೇಳೆಗೆ ಎಸ್ಟೋನಿಯಾ ಮತ್ತು ಲಿವೋನಿಯಾಗಳ ಜನರಲ್ಲಿ ಐದರಲ್ಲೊಂದು ಪಾಲು ಸತ್ತಿತೆಂದು ಅಂದಾಜು. ಇದನ್ನು ಓದಿ ಹೇಳಿದ ಮೇಲೆ ಅವ್ವ ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ ಎಪ್ಪತ್ತೆರಡರ ಬರದ ಮಾತು ತೆಗೆದಳು. ಬಿತ್ತನೆಗೆಂದು ಕಟ್ಟಿಟ್ಟ ಸಜ್ಜೆಯ ಗಂಟನ್ನು ಬಿಚ್ಚಿ ಬೀಸಿದ ರಾತ್ರಿಯ ಮಾತು. ಬೀಸುವ ಸದ್ದು ಅಕ್ಕಪಕ್ಕದವರಿಗೆ ಕೇಳಬಾರದೆಂದು ಕಲ್ಲಿನ ಕೆಳಗೆ ಕಂಬಳಿ ಹಾಸಿದ್ದರಂತೆ. ನನಗೆ ಅದುವರೆಗೆ ಹೇಳಿರಲಿಲ್ಲ. "ಆ ವರ್ಷ ಯಾವ ದೇಸಾಯಿ ಗೆದ್ದಿದ್ದ?" ಎಂದು ಕೇಳಿದಳು.

ಗೆಲುವೂ ಹೋಯಿತು. ಕೊನೆಯ ಅಧ್ಯಾಯವನ್ನು ಹೊಸದಾಗಿ ಬರೆದೆ. ಈಗ ಅವನ ಬಳಿ ಬೆಟ್ಟವಿಲ್ಲ, ಕೋಟೆಯಿಲ್ಲ, ಪಿಸ್ತೂಲಿಲ್ಲ, ಬಿರುದಿಲ್ಲ. ಮಹಾಬರದ ಮೊದಲ ಚಳಿಗಾಲ, ಲೂಸಿಯಾಳ ರಾತ್ರಿ, ಜೌಗಿನ ಅಂಚಿನಲ್ಲಿ ಒಬ್ಬನೇ, ಕೈಯಲ್ಲಿ ಖಾಲಿ ಚೀಲ.

ಮೊನ್ನೆ ಪುಸ್ತಕದ ಮೊದಲ ಪ್ರತಿಯನ್ನು ಅವ್ವನ ಕೈಗಿಟ್ಟೆ. ತೂಕ ನೋಡುವಂತೆ ಎತ್ತಿ ಇಳಿಸಿದಳು.

"ದೀಪ ಇಳಿಬಿಟ್ಟನೇ?"

"ಬಿಟ್ಟ."

"ಉರಿಯಿತೇ?"

"ಉರಿಯಿತು ಅವ್ವ."

"ಹಾಗಾದರೆ ಮೊದಲು ಆ ಶೇಂಗಾ ಚೀಲಗಳನ್ನು ಅತ್ತ ಎತ್ತಿಡು. ಇಲಿ ಬಂದರೆ ನಿನ್ನ ತೋಳನನ್ನೂ ಬಿಡುವುದಿಲ್ಲ" ಎಂದಳು.