ಪಟ್ಟಿಯಲ್ಲಿ ಹೆಸರು ಬಾರದ ಅಳಿಯನಿಗೆ

ಮೆಲ್ಬರ್ನ್

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಆಯ್ಕೆಪಟ್ಟಿಯಲ್ಲಿ ಹೆಸರಿಲ್ಲವೆಂದು ನೀನು ಇಲ್ಲಿನ ಆಸ್ಟ್ರೇಲಿಯನ್ ಫುಟ್‌ಬಾಲನ್ನೇ ಬಿಡುವ ಮಾತಾಡುತ್ತಿರುವುದಾಗಿ ಅಕ್ಕ ಫೋನಿನಲ್ಲಿ ಹೇಳಿದಳು. ಬಿಡಬೇಡ. ನೀನು ಬೆಳೆದದ್ದು ಶೆಪರ್ಟನ್‌ನಲ್ಲಿ. ಅಲ್ಲಿಂದ ಹೆಚ್ಚು ದೂರವಿಲ್ಲದ ಕಮ್ಮರಗಂಜದ ಆಟಗಾರ ಡಗ್ ನಿಕೋಲ್ಸ್ ವಿಷಯ ನಿನಗೆ ಚೆನ್ನಾಗಿ ಗೊತ್ತಿರಬೇಕು.

ಆತ ಹುಟ್ಟಿದ್ದು 1906ರಲ್ಲಿ, ಮರ್ರೆ ನದಿಯ ದಡದ ಆದಿವಾಸಿ ವಸತಿಯಲ್ಲಿ. ಓದು ಬೇಗನೆ ನಿಂತಿತು. ಉಣ್ಣೆ ಕತ್ತರಿಸುವಾಗ ಕುರಿಗೆ ಗಾಯವಾದರೆ ಅದರ ಮೇಲೆ ಡಾಂಬರು ಬಳಿಯುವುದು ಹುಡುಗನ ಕೆಲಸವಾಯಿತು. ಎತ್ತರ ಐದಡಿ ಎರಡಂಗುಲ. ಓಟ ಮಾತ್ರ ಯಾರ ಕೈಗೂ ಸಿಗುವಂಥದಲ್ಲ. ಟೊಂಗಾಲಾ ತಂಡದಲ್ಲಿ ಹೆಸರು ಮಾಡಿ, 1927ರಲ್ಲಿ ಮೆಲ್ಬರ್ನಿನ ಕಾರ್ಲ್ಟನ್ ಕ್ಲಬ್ಬಿಗೆ ಬಂದ. ಅಲ್ಲಿ ಸ್ಥಾನ ಸಿಗಲಿಲ್ಲ. ಆಟಗಾರರ ಮೈಗೆ ಎಣ್ಣೆ ತಿಕ್ಕುವವನು ಆತನ ಕಪ್ಪು ಮೈಯನ್ನು ಮುಟ್ಟಲು ಒಪ್ಪಲಿಲ್ಲವಂತೆ. ನಮ್ಮ ಊರುಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಓದಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ಆದರೆ ಆತ ಊರಿಗೆ ಮರಳಲಿಲ್ಲ. ಒಂದು ಮೆಟ್ಟಿಲು ಕೆಳಗಿನ ಲೀಗಿನಲ್ಲಿದ್ದ ನಾರ್ತ್‌ಕೋಟ್ ತಂಡ ಸೇರಿದ. ಅಲ್ಲಿನ ನಗರಸಭೆಯಲ್ಲಿ ದುಡಿಮೆ, ಸಂಜೆ ಅಭ್ಯಾಸ, ಶನಿವಾರ ಪಂದ್ಯ. 1929ರಲ್ಲಿ ತಂಡ ಪ್ರಶಸ್ತಿ ಗೆದ್ದಿತು. ಅದೇ ವರ್ಷ ನ್ಯಾ ಮತ್ತು ವಾರಕ್‌ನಬೀಲ್ ಊರುಗಳ ಓಟದ ಪಂದ್ಯಗಳೂ ಆತನ ಪಾಲಾದವು. ದೊಡ್ಡ ಲೀಗಿನ ಫಿಟ್ಜ್‌ರಾಯ್ ತಂಡಕ್ಕೆ ಕರೆ ಬಂದದ್ದು 1932ರಲ್ಲಿ. 1937ರವರೆಗೆ ಅಲ್ಲಿ 54 ಪಂದ್ಯ ಆಡಿದ, 1935ರಲ್ಲಿ ವಿಕ್ಟೋರಿಯಾ ರಾಜ್ಯ ತಂಡದಲ್ಲೂ ಆಡಿದ. ಮುಂದೆ ಪಾದ್ರಿಯಾದದ್ದು, 1972ರಲ್ಲಿ ಸರ್ ಪದವಿ ಪಡೆದದ್ದು, 1976ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ರಾಜ್ಯಪಾಲನಾದದ್ದು ಎಲ್ಲರ ಬಾಯಲ್ಲೂ ಇದೆ. ನನಗೆ ದೊಡ್ಡದಾಗಿ ಕಾಣುವುದು ನಾರ್ತ್‌ಕೋಟ್‌ನ ಆ ಐದು ವರ್ಷ. ಮೇಲಿನವರು ಮತ್ತೆ ಕರೆಯುತ್ತಾರೆಂಬ ಭರವಸೆಯನ್ನು ಆಗ ಯಾರೂ ಕೊಟ್ಟಿರಲಿಲ್ಲ.

ಪುಟ್ಟ, ಆತನಿಗಾದದ್ದು ಅನ್ಯಾಯ. ನಿನಗಾದದ್ದು ಅದಲ್ಲ. ನಿನ್ನ ಎಡಗಾಲಿನ ಒದೆತ ಸಾಲದು ಎಂದು ತರಬೇತುದಾರರು ನೇರವಾಗಿ ಹೇಳಿದ್ದಾರೆ. ಅಭ್ಯಾಸದಿಂದ ತುಂಬುವ ಕೊರತೆ ಅದು. ಅದನ್ನು ಅವಮಾನವೆಂದು ಎಣಿಸಿ ಮುಖ ತಿರುಗಿಸಬೇಡ.

ಇನ್ನೊಂದು ಮಾತು. ಫಿಟ್ಜ್‌ರಾಯ್‌ನ ಬಟ್ಟೆ ಬದಲಿಸುವ ಕೋಣೆಯಲ್ಲಿ ನಿಕೋಲ್ಸ್ ಮೊದಮೊದಲು ಮೂಲೆಯಲ್ಲಿ ಒಬ್ಬನೇ ಕೂರುತ್ತಿದ್ದ. ಪಕ್ಕಕ್ಕೆ ಬಂದು ಕುಳಿತವನು ಹೇಡನ್ ಬಂಟನ್. ಅವನೂ ಮರ್ರೆ ದಡದ ಆಲ್ಬರಿಯವನೇ. ಕ್ಲಬ್ಬು ನಿಯಮ ಮೀರಿ ಹಣ ಕೊಡಲು ಹೋದದ್ದರಿಂದ 1930ರ ಋತುವಿನಲ್ಲಿ ಅವನಿಗೆ ನಿಷೇಧವಿತ್ತು. ಮರುವರ್ಷ ಬಂದವನೇ ಲೀಗಿನ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕ ಗೆದ್ದ. ಒಟ್ಟು ಮೂರು ಬಾರಿ ಗೆದ್ದ ಆ ಪದಕಗಳಿಗಿಂತ, ಅಂದು ಅವನು ಆ ಬೆಂಚಿನಲ್ಲಿ ಕುಳಿತದ್ದೇ ನನಗೆ ಹೆಚ್ಚು.

ನಮ್ಮ ಬಡಾವಣೆಯ ಕ್ಲಬ್ಬಿನ ಕಾರ್ಯದರ್ಶಿಯ ಹತ್ತಿರ ಮಾತಾಡಿದ್ದೇನೆ. ಮಂಗಳವಾರ ಮತ್ತು ಗುರುವಾರ ಸಂಜೆ ತರಬೇತಿ. ಈ ವರ್ಷ ಸೇರಿದ ಇಬ್ಬರು ಹುಡುಗರು ಯಾರ ಜೊತೆಗೂ ಬೆರೆಯುತ್ತಿಲ್ಲವಂತೆ. ನಿನ್ನ ಚೀಲವನ್ನು ಅವರ ಪಕ್ಕದಲ್ಲೇ ಇಡು. ಕಾಲೇಜು ತಪ್ಪಿಸಬೇಡ. ಸೋಮವಾರ ರಾತ್ರಿಯೇ ಬಂದುಬಿಡು, ಅತ್ತೆ ನಿನಗೆ ಕೋಣೆ ಸಿದ್ಧಮಾಡಿದ್ದಾಳೆ.

ಇಂತು ನಿನ್ನ
ಸೋದರಮಾವ