ಹಿಮಪಾತವಲ್ಲ ಸ್ವಾಮಿ, ಹಿಮಕುಸಿತ!

ಸಂಪಾದಕರೇ,

ಮೊನ್ನೆ ನಿಮ್ಮ ಪತ್ರಿಕೆಯ ಮೂರನೇ ಪುಟ ಓದಿ ಕಾಫಿ ಗಂಟಲಲ್ಲೇ ನಿಂತಿತು. ‘ಹಿಮಪಾತ: ಮೈಸೂರಿನ ಚಾರಣಿಗರು ಪಾರು’ ಅಂತೆ. ಹಿಮಪಾತ ಅಂದರೆ ಆಕಾಶದಿಂದ ಹಿಮ ಬೀಳುವುದು. ಅವತ್ತು ಮನಾಲಿ ಕಡೆ ಚೂರು ಮೋಡವೂ ಇರಲಿಲ್ಲ, ಚುರುಗುಟ್ಟುವ ಬಿಸಿಲು. ಆ ಬಿಸಿಲಿಗೇ ಇಳಿಜಾರಿನ ಹಿಮ ಕುಸಿದು ಬಂತು. ಅದರಲ್ಲಿ ಸಿಕ್ಕವನೊಬ್ಬ ನನ್ನ ಮಗ. ಸಾಲದ್ದಕ್ಕೆ, ‘ಯುವಕರ ಹುಚ್ಚು ಸಾಹಸ’ ಅಂತ ಕೊನೆಗೆ ಬುದ್ಧಿ ಬೇರೆ ಹೇಳಿದ್ದೀರಿ.

ಹುಚ್ಚು ಯಾರದು? ಏಪ್ರಿಲ್‌ನಲ್ಲಿ ಅಲ್ಲಿನ ಹಿಮ ರಾತ್ರಿ ಹೆಪ್ಪುಗಟ್ಟಿ ಕಲ್ಲಿನ ಹಾಗಿರುತ್ತದೆ. ಬಿಸಿಲೇರಿದರೆ ಕರಗಿದ ನೀರು ಒಳಗಿಳಿದು ಹಿಡಿತ ಬಿಟ್ಟುಹೋಗುತ್ತದೆ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಂತೂ ಅಪಾಯ ಜಾಸ್ತಿ. ಅದಕ್ಕೇ ಬೆಳಗಿನ ಜಾವ ಹೊರಟು, ಬಿಸಿಲೇರುವ ಮೊದಲೇ ಅಂಥ ಜಾಗ ದಾಟಿಬಿಡಬೇಕು. ಚಾಮುಂಡಿ ಬೆಟ್ಟಕ್ಕೂ ಬಸ್ಸಲ್ಲೇ ಹೋಗುವ ನನಗೇ ಇದು ಎರಡು ದಿನದಲ್ಲಿ ಗೊತ್ತಾಯಿತು. ತಲೆಗೆ 14 ಸಾವಿರ ಇಸಕೊಂಡ ಏಜೆನ್ಸಿಯವರಿಗೆ ಗೊತ್ತಿರಲಿಲ್ಲವಂತೆ! ಪೂರಿ ತಿನ್ನಿಸಿ, ಗ್ರೂಪ್ ಫೋಟೊ ತೆಗೆದು, 11 ಗಂಟೆಗೆ ಹೊರಡಿಸಿದ್ದಾರೆ. ಚಂಡೀಗಢದ ಡಿಜಿಆರ್‌ಇ ಸಂಸ್ಥೆ ಹಿಮಕುಸಿತದ ಮುನ್ಸೂಚನೆ ಕೊಡುತ್ತದಲ್ಲ, ನೋಡಿದ್ರಾ ಅಂದೆ. ‘ವಾಟ್ಸ್ಆ್ಯಪ್‌ನಲ್ಲಿ ಹವಾಮಾನ ಹಾಕಿದ್ವಲ್ಲ ಸಾರ್’ ಅಂದರು. ಹೂತವರನ್ನು ಹುಡುಕುವ ಬೀಕನ್ ಒಬ್ಬರ ಹತ್ತಿರವೂ ಇಲ್ಲ. ಇದ್ದದ್ದು ಒಂದೇ ಸಲಿಕೆ, ಅದೂ ಟಾಯ್ಲೆಟ್ ಗುಂಡಿ ತೋಡಲು. ಪೂರ್ತಿ ಹೂತವರನ್ನು ಕಾಲು ಗಂಟೆಯೊಳಗೆ ತೆಗೆಯದಿದ್ದರೆ ಬದುಕುವುದು ಕಷ್ಟ. ನಮ್ಮ ಹುಡುಗ ಸೊಂಟದವರೆಗೆ ಹೂತಿದ್ದ. ತಾಯಿ ಚಾಮುಂಡಿ ಕಾಪಾಡಿದಳು, ಏಜೆನ್ಸಿಯಲ್ಲ.

ಇಲ್ಲಿ ನಮ್ಮ ಪಾಡು? ಅವನ ಫೋನ್ ಸಿಗದೆ ಎರಡು ರಾತ್ರಿ ನಿದ್ದೆಯಿಲ್ಲ. ಮನೆಯವಳಿಗೆ ಬಿಪಿ ಏರಿತು. ನಂಜನಗೂಡಿನಿಂದ ಅತ್ತಿಗೆ ಗಂಟೆಗೊಂದು ಸಲ ಫೋನ್ ಮಾಡಿ ಅಳುವುದು. ಸಹಾಯವಾಣಿಗೆ ಮಾಡಿದರೆ ‘ಯಾವ ತಾಲ್ಲೂಕು, ಯಾವ ಹೋಬಳಿ?’ ಕುಲ್ಲು ಜಿಲ್ಲೆ ಅಂದೆ. ‘ಅದು ನಮಗೆ ಬರಲ್ಲ, ಆಫೀಸ್ ಟೈಮಲ್ಲಿ ಮಾಡಿ.’ ಹಿಮ ಮಾತ್ರ ಸರಿಯಾಗಿ ಆಫೀಸ್ ಟೈಮಲ್ಲೇ ಕುಸಿದಿತ್ತು.

2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಹೋದ ನಮ್ಮ ರಾಜ್ಯದ ತಂಡದಲ್ಲಿ 9 ಜನ ಕೆಟ್ಟ ಹವೆಗೆ ಸಿಕ್ಕಿ ಸತ್ತರು. ಅದೂ ಮರೆತೇಹೋಯಿತಾ? ಈ ಸರ್ಕಾರದವರನ್ನು ಕೇಳಿ ಏನು ಬಂತು ಬಿಡಿ. 2021ರ ಮಳೆಗೆ ಕಣ್ಣೆದುರಿನ ಚಾಮುಂಡಿ ಬೆಟ್ಟದ ನಂದಿ ರಸ್ತೆಯೇ ಕುಸಿಯಿತಲ್ಲ, ಬಂದರು, ನೋಡಿದರು, ಫೋಟೊ ತೆಗೆಸಿಕೊಂಡರು. ನಾವು ಬ್ಯಾರಿಕೇಡ್‌ಗೆ ನಮಸ್ಕಾರ ಹಾಕಿ ವಾಪಸ್ ಬಂದದ್ದೇ ಬಂದದ್ದು. ನಮ್ಮ ಬೀದಿಯ ಚರಂಡಿ ಕಥೆ ಇನ್ನೊಂದು ಸಲ ಬರೆಯುತ್ತೇನೆ.

ಈ ಏಜೆನ್ಸಿಗಳಿಗೆ ಲೈಸೆನ್ಸ್ ಕಡ್ಡಾಯ ಮಾಡಲಿ. ಇಲ್ಲವೇ ಎಲ್ಲವನ್ನೂ ಬಂದ್ ಮಾಡಲಿ. ಏನೋ ಒಂದು ಮಾಡಲಿ, ಸುಮ್ನೆ ಸಂಬಳ ಎಣಿಸೋದಲ್ಲ. ನೀವೂ ಅಷ್ಟೇ, ಹಿಮಪಾತ ಬೇರೆ, ಹಿಮಕುಸಿತ ಬೇರೆ ಅಂತ ಬರೆದು ಮೇಜಿನ ಮೇಲೆ ಅಂಟಿಸಿಕೊಳ್ಳಿ. ಅಂದ ಹಾಗೆ, ಬಾಡಿಗೆ ಜಾಕೆಟ್‌ಗೆ ಕೊಟ್ಟ 2 ಸಾವಿರ ಡಿಪಾಸಿಟ್ ಇನ್ನೂ ವಾಪಸ್ ಬಂದಿಲ್ಲ.

– ಚಾರಣಿಗನೊಬ್ಬನ ತಂದೆ, ಕುವೆಂಪುನಗರ, ಮೈಸೂರು