ವೈವಾ ಮುಗಿಯಿತು, ಋಣ ಉಳಿಯಿತು

ಮೊನ್ನೆ ನನ್ನ ಥೀಸಿಸ್‌ನ ವೈವಾ (ಮೌಖಿಕ ಪರೀಕ್ಷೆ) ಮುಗಿಯಿತು. ಸೋಯಾದಂಥ ಗಿಡದ ಬೇರುಗಂಟಿನಲ್ಲಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾಗಳ ಬೆಳವಣಿಗೆಗೆ ರಾಸಾಯನಿಕಗಳು ಏನು ಮಾಡುತ್ತವೆ ಅನ್ನೋದು ನನ್ನ ವಿಷಯ. ಥೀಸಿಸ್‌ನಲ್ಲಿ ಎಲ್ಲರಿಗೂ ಒಂದೊಂದು ಸಾಲಿನ ಧನ್ಯವಾದ ಹೇಳಿದ್ದೇನೆ. ಅಷ್ಟು ಸಾಲದು ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಲ್ಯಾಬಿನ ಸೀನಿಯರ್ ಅಕ್ಕ. ಎರಡನೇ ವರ್ಷ ನಾನು ಭಾರೀ ಖುಷಿಯಲ್ಲಿದ್ದೆ. ಬೀಜೋಪಚಾರಕ್ಕೆ ಬಳಸುವ ಶಿಲೀಂಧ್ರನಾಶಕಗಳಾದ ಥೈರಾಮ್, ಕ್ಯಾಪ್ಟಾನ್ ಎರಡನ್ನೂ ಅಸಿಟೋನ್‌ನಲ್ಲಿ ಕರಗಿಸಿ, ಕಾಗದದ ಬಿಲ್ಲೆ ಅದ್ದಿ ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನ ಮೇಲಿಡುತ್ತಿದ್ದೆ. ಬಿಲ್ಲೆಯ ಸುತ್ತ ಏನೂ ಬೆಳೆಯದ ದೊಡ್ಡ ದುಂಡು. ಫೋಟೋಗೆ ಹೇಳಿ ಮಾಡಿಸಿದ ಹಾಗಿತ್ತು! ಅಕ್ಕ ಕೇಳಿದ್ದು ಒಂದೇ ಮಾತು: "ಬರೀ ಅಸಿಟೋನ್ ಹಾಕಿದ ಬಿಲ್ಲೆ ಎಲ್ಲಿ?"

ಇಟ್ಟಿರಲಿಲ್ಲ. ಇಟ್ಟು ನೋಡಿದರೆ ಅದರ ಸುತ್ತಲೂ ದುಂಡು! ಬಿಲ್ಲೆ ಸರಿಯಾಗಿ ಆರುವ ಮೊದಲೇ ಇಡುತ್ತಿದ್ದೆ, ಉಳಿದ ಅಸಿಟೋನೇ ಬ್ಯಾಕ್ಟೀರಿಯಾ ಬೆಳೆಯಲು ಬಿಡುತ್ತಿರಲಿಲ್ಲ. ಐದು ತಿಂಗಳ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಆರಿಸಿ ಮತ್ತೆ ಮಾಡಿದಾಗ ಬರೀ ಅಸಿಟೋನಿನ ದುಂಡು ಹೋಯಿತು, ಶಿಲೀಂಧ್ರನಾಶಕದ್ದು ಚಿಕ್ಕದಾಗಿ ಉಳಿಯಿತು. ಈಗ ಥೀಸಿಸ್‌ನಲ್ಲಿರುವುದು ಆ ಚಿಕ್ಕ ದುಂಡೇ.

ಆಟೊಕ್ಲೇವ್ (ಹಬೆಯಿಂದ ಸೂಕ್ಷ್ಮಜೀವಿ ಕೊಲ್ಲುವ ಯಂತ್ರ) ನೋಡಿಕೊಳ್ಳುವ ಅಣ್ಣನಿಗೂ ದೊಡ್ಡ ಥ್ಯಾಂಕ್ಸ್. ಸೋಯಾ ಬೇರುಗಂಟಿನ ಬ್ಯಾಕ್ಟೀರಿಯಾ ಬ್ರಾಡಿರೈಜೋಬಿಯಂ ಪ್ಲೇಟಿನಲ್ಲಿ ಬೆಳೆದು ಕಣ್ಣಿಗೆ ಕಾಣಲು ಒಂದು ವಾರ ಬೇಕು. ಅಷ್ಟೂ ದಿನ ಇನ್‌ಕ್ಯುಬೇಟರ್ 28 ಡಿಗ್ರಿಯಲ್ಲೇ ಇದೆಯಾ ಅಂತ ರಜಾದಿನವೂ ಬಂದು ನೋಡಿದವರು ಇವರು. ಕಾಂಗೋ ರೆಡ್ ಅನ್ನೋ ಕೆಂಪು ಬಣ್ಣ ಬೆರೆಸಿದ ಅಗರ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ನಮ್ಮ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಬೆಳ್ಳಗೇ ಇರುತ್ತದೆ. ಬಾಗಿಲಲ್ಲೇ ನಿಂತು "ಕೆಂಪು ಕುಡಿದಿದೆ, ಇದು ನಿಮ್ಮದಲ್ಲ ಬಿಡಿ" ಅನ್ನುತ್ತಿದ್ದರು. ತಪ್ಪಿದ್ದು ಕಡಿಮೆ.

ಇನ್ನು ಗೈಡ್ ಮೇಡಂ. ಸೋಯಾ ಬೇರು ಸೂಸುವ ಜೆನಿಸ್ಟೀನ್ ಅನ್ನೋ ರಾಸಾಯನಿಕ ಹಾಕಿದರೆ ಬ್ಯಾಕ್ಟೀರಿಯಾ ಜಾಸ್ತಿ ಬೆಳೆಯುತ್ತದೆ ಅಂದುಕೊಂಡಿದ್ದೆ. ಎಣಿಸಿದರೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅಳು ಬರುವುದೊಂದು ಬಾಕಿ. ಮೇಡಂ ನಕ್ಕರು. "ಊಟ ಹಾಕಿದೆ ಅಂದ್ಕೊಂಡ್ಯಾ? ನೀನು ಕೊಟ್ಟಿದ್ದು ಬರೀ ಕರೆಯೋಲೆ." ಬ್ಯಾಕ್ಟೀರಿಯಾದೊಳಗಿನ, ಗಂಟು ಕಟ್ಟಿಸುವ ಜೀನ್‌ಗಳನ್ನು ಎಬ್ಬಿಸುವುದಷ್ಟೇ ಜೆನಿಸ್ಟೀನ್ ಕೆಲಸ. ನೋಡಬೇಕಿದ್ದದ್ದು ಪ್ಲೇಟಿನಲ್ಲಲ್ಲ, ಸಸಿಯ ಬೇರಿನಲ್ಲಿ. ಸಾರಜನಕ ಇರುವ ನೈಟ್ರೇಟ್ ಕೂಡ ಹಾಗೇ ಆಟ ಆಡಿಸಿತು. ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಚೆನ್ನಾಗಿಯೇ ಇತ್ತು, ಕುಂಡದ ಸಸಿ ಮಾತ್ರ ಗಂಟು ಕಟ್ಟಲು ಒಪ್ಪಲಿಲ್ಲ. ಸಾರಜನಕ ಸುಮ್ನೆ ಸಿಗುವಾಗ ಅದಕ್ಕೇಕೆ ಈ ತಾಪತ್ರಯ, ಅಲ್ವಾ?

ಜೆನಿಸ್ಟೀನ್ ಕುಂಡದ ಗಂಟನ್ನು ಬ್ಲೇಡಿನಿಂದ ಕತ್ತರಿಸಿ, ಗಂಟು ಕೆಲಸ ಮಾಡುತ್ತಿದೆ ಅನ್ನುವ ಗುರುತಾದ ಒಳಗಿನ ಗುಲಾಬಿ ಬಣ್ಣ ಕಂಡ ದಿನ ಮೊದಲು ಕರೆದು ತೋರಿಸಿದ್ದು ಅಕ್ಕನಿಗೆ.

ಹಾಳಾದ ಆ ಐದು ತಿಂಗಳ ನೋಟ್‌ಬುಕ್ ಲ್ಯಾಬಿನ ಕಪಾಟಿನಲ್ಲೇ ಇಟ್ಟು ಬಂದಿದ್ದೇನೆ. ಹೊಸಬರು ತೆಗೆದು ನೋಡಬಹುದು. ಅಕ್ಷರ ಮಾತ್ರ ಹೊಟ್ಟೆಗೆ ಹಾಕಿಕೊಳ್ಳಿ.